ಎಡಹೆಗಲಿನ ಮೆತ್ತೆ

ನಿನ್ನೆ ಹೊಲಿಗೆ ಮೆಷಿನ್ ರಿಪೇರಿಯವನು ಬಂದಿದ್ದ. ಅದು ನಮ್ಮ ಅತ್ತೆಯವರ ಕಾಲದ ಮೆಷಿನ್ನು. ನನ್ನ ಮಂಡಿಗಳ ಹಾಗೆ ಅದೂ ಈಚೆಗೆ ಕಿರುಗುಟ್ಟಲು ಶುರುಮಾಡಿತ್ತು. ಅವನು ಅದರ ತಲೆಯನ್ನು ಹಿಂದಕ್ಕೆ ಮಗುಚಿ, ಚೂಪು ಮೂತಿಯ ಡಬ್ಬಿಯಿಂದ ಸಂದುಸಂದಿಗೂ ಎಣ್ಣೆ ಬಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಜಯನಗರದ ನಮ್ಮ ಹಾಲಿನಲ್ಲಿ ಇರಲೇ ಇಲ್ಲ. ಸುಬ್ರಹ್ಮಣ್ಯಪುರದ ಕಡೆಯ ಒಂದು ಹಾಳು ಕಲ್ಲುಗಣಿಯಲ್ಲಿ, ಗೋಣಿತಾಟಿನ ಮೇಲೆ ಬೋರಲು ಮಲಗಿದ್ದೆ. ಕೈಯಲ್ಲಿ ಅದೇ ಎಣ್ಣೆಯ ವಾಸನೆಯ ರೈಫಲ್ ಇತ್ತು.

ನಗುವುದಾದರೆ ಈಗಲೇ ನಕ್ಕುಬಿಡಿ. ಈ ಕಥೆ ಶುರುಮಾಡಿದಾಗಲೆಲ್ಲ ಎದುರಿಗಿದ್ದವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಒಮ್ಮೆ ನನ್ನ ಊರುಗೋಲು ನೋಡುತ್ತಾರೆ. ಹುಳಿಪುಡಿ ಹದ ಹೇಳಿದರೆ ನಂಬುವ ಜನ, ರೈಫಲ್ ಅಂದರೆ ಮಾತ್ರ ಸಾಕ್ಷಿ ಕೇಳುತ್ತಾರೆ. ಸಾಕ್ಷಿ ಇದೆ, ಷೋಕೇಸಿನಲ್ಲಿ ಬಹುಮಾನದ ಒಂದು ಹಿತ್ತಾಳೆ ಕಪ್ಪು. ಆದರೆ ಅದರ ವಿಷಯ ಆಮೇಲೆ.

ಚೀನಾ ಯುದ್ಧ ಮುಗಿದ ಮರುವರ್ಷದ ಮಾತು. ಆಗ ಜಯನಗರ ಇನ್ನೂ ಪೂರ್ತಿ ಊರಾಗಿರಲಿಲ್ಲ. ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟು, ಆ ಸೈಟುಗಳಲ್ಲಿ ಹುರುಳಿ. ನಮ್ಮ ಬಡಾವಣೆಯ ಹೆಂಗಸರ ಸಂಘ ಅಲ್ಲಿಯವರೆಗೆ ಉಪ್ಪಿನಕಾಯಿ ಹಾಕುವುದು, ಕುಲಾವಿ ಹೆಣೆಯುವುದು, ಇಷ್ಟರಲ್ಲೇ ಸುಖವಾಗಿತ್ತು. ಯುದ್ಧ ಬಂದದ್ದೇ ಎಲ್ಲರಿಗೂ ಆವೇಶ ಬಂತು. ಸಂಘದ ಉಪಾಧ್ಯಕ್ಷಿಣಿಯಾದ ನಮ್ಮ ಅತ್ತೆ ಕೈಯಿಂದ ಒಂದು ಬಳೆ ಕಳಚಿ ರಕ್ಷಣಾ ನಿಧಿಗೆ ಕೊಟ್ಟರು. ಅದನ್ನು ನೋಡಿ ಅಧ್ಯಕ್ಷಿಣಿ ಎರಡು ಬಳೆ ಕೊಟ್ಟರು. ಇವರಿಬ್ಬರ ನಡುವೆ ಹೀಗೆ ಒಂದು ಹಳೆಯ ಜಿದ್ದು ಇತ್ತು. ಅಧ್ಯಕ್ಷಿಣಿ ತಮ್ಮ ಸೊಸೆಯನ್ನು ಹೆಂಗಸರಿಗೆಂದು ಹೊಸದಾಗಿ ಶುರುವಾದ ರೈಫಲ್ ಕ್ಲಾಸಿಗೆ ಸೇರಿಸಿದರೆಂದು ಗೊತ್ತಾದ ದಿನವೇ ಅತ್ತೆ ನನ್ನ ಹೆಸರನ್ನೂ ಬರೆಸಿ ಬಂದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ, ವಾರಕ್ಕೊಂದು ಸಂಜೆ ಅಡಿಗೆಮನೆಯಿಂದ ಬಿಡುಗಡೆ ಯಾರಿಗೆ ಬೇಡ.

ಆದರೆ ನನ್ನಲ್ಲಿ ಒಂದು ಗುಟ್ಟಿತ್ತು. ನಾನು ಹುಟ್ಟು ಎಡಚಿ.

ಈಗಿನವರಿಗೆ ಇದು ಗುಟ್ಟು ಅನ್ನಿಸುವುದೂ ಇಲ್ಲ. ಆಗ ಹಾಗಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ನಮ್ಮಮ್ಮ ನನ್ನ ಎಡಗೈಗೆ ಸೆರಗಿನ ಚುಂಗು ಸುತ್ತಿ, “ಈ ಕೈ ಅಲ್ಲಾಡಿಸಿದ್ರೆ ನೋಡು,” ಎಂದು ಕಣ್ಣು ಬಿಟ್ಟಿದ್ದಳು. ಉಪ್ಪಿಟ್ಟಿನ ತಟ್ಟೆಯನ್ನು ಬಲಗೈಯಲ್ಲಿ ಕೊಟ್ಟೆ, ವೀಳ್ಯದೆಲೆಯನ್ನು ಬಲಗೈಯಲ್ಲಿ ಕೊಟ್ಟೆ, ಮದುವೆ ಆಯಿತು. ಅಲ್ಲಿಂದ ಮೂರು ವರ್ಷ ಅತ್ತೆಯ ಮನೆಯಲ್ಲಿ ನಾನು ಬಲಗೈಯವಳು. ರಂಗೋಲಿ ಸೊಟ್ಟ, ಸೌಟು ಜಾರುತ್ತಿತ್ತು, ಒಗ್ಗರಣೆ ಬಾಣಲೆಯ ಆಚೆಗೆ ಬೀಳುತ್ತಿತ್ತು. “ಕೈಯಲ್ಲಿ ಹಿಡಿತವೇ ಇಲ್ಲ ಈ ಹುಡುಗಿಗೆ” ಎಂದು ಅತ್ತೆ ಬಂದವರ ಮುಂದೆ ಹೇಳುತ್ತಿದ್ದರು. ಒಬ್ಬಳೇ ಇದ್ದಾಗ ಎಡಗೈಯಲ್ಲಿ ಹುಳಿ ಕಲಕುತ್ತಿದ್ದೆ; ಹೆಜ್ಜೆ ಸದ್ದು ಕೇಳಿದರೆ ಸೌಟು ಆ ಕೈಯಿಂದ ಈ ಕೈಗೆ ಬರುತ್ತಿತ್ತು. ಬೈಗುಳಕ್ಕೆ ನಾನು ಹೆದರಿದವಳಲ್ಲ. ಆದರೆ ವಿಷಯ ಬಯಲಾದರೆ ಬೈಗುಳ ಬೀಳುವುದು ನಮ್ಮಮ್ಮನಿಗೆ. ಮುಚ್ಚಿಟ್ಟು ಮದುವೆ ಮಾಡಿದರು ಎಂಬ ಮಾತು ಅವಳು ಸಾಯುವ ತನಕ ಅವಳ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು.

ಕ್ಲಾಸು ನಡೆಸುತ್ತಿದ್ದವರು ತಿಲಕ್ ನಗರದಲ್ಲಿದ್ದ ಒಬ್ಬ ನಿವೃತ್ತ ಸುಬೇದಾರರು. ಬಿಳಿ ಗಡ್ಡ, ನೆಟ್ಟನೆ ಬೆನ್ನು, ಹೆಂಗಸರೆಂದರೆ ತುಂಬಾ ಸಂಕೋಚ. ಬನಶಂಕರಿ ದೇವಸ್ಥಾನದ ತನಕ ಬಸ್ಸು, ಅಲ್ಲಿಂದ ಗಣಿಗೆ ಗೌಡರೊಬ್ಬರ ಲಾರಿ. ನಾಲ್ಕು ಸಣ್ಣ ರೈಫಲ್‌ಗಳು ಇದ್ದವು. “ನಿಮಗೆ ಒಗ್ಗೋದನ್ನ ನೀವೇ ನೋಡಿ ತಗೊಳ್ಳಿ ಅಮ್ಮಾ,” ಎಂದು ಸುಬೇದಾರರು ಅವನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟರು. ನಮ್ಮ ಹೆಂಗಸರು ಬಿಡುತ್ತಾರೆಯೇ. ಗಾಂಧಿಬಜಾರಿನಲ್ಲಿ ಬದನೆಕಾಯಿ ಆರಿಸುವವರಂತೆ ಎತ್ತಿ, ತೂಗಿ, ತಿರುಗಿಸಿ ನೋಡಿದರು. ಅಧ್ಯಕ್ಷಿಣಿಯ ಸೊಸೆ ಮರ ಹೊಳೆಯುತ್ತಿದ್ದ ಹೊಸದನ್ನು ಹಿಡಿದಳು. ಕನ್ನಡಕದ ಕಮಲಮ್ಮ ಹಗುರದ್ದನ್ನು ಆರಿಸಿಕೊಂಡರು. ಇನ್ನೊಬ್ಬರು ಬೆಲ್ಟಿನ ಬಣ್ಣ ತಮ್ಮ ಸೀರೆಗೆ ಹೊಂದುವುದಿಲ್ಲ ಎಂದು ಬೇರೆ ಬೆಲ್ಟು ಕೇಳಿದರು.

ನನ್ನ ಪಾಲಿಗೆ ಯಾರೂ ಮುಟ್ಟದ ಒಂದು ಮುದಿ ರೈಫಲ್ ಉಳಿಯಿತು. ಭಾರವಾಗಿತ್ತು. ಭಾರ ಇದ್ದದ್ದೇ ನನಗೆ ಹಿಡಿಸಿತು, ಕೈ ನಡುಗಿದರೂ ಅದು ನಡುಗುತ್ತಿರಲಿಲ್ಲ. ಅದರ ಮರದ ಮೇಲೆ ಕೈಯಾಡಿಸಿದಾಗ ಇನ್ನೊಂದು ತಿಳಿಯಿತು. ರೈಫಲನ್ನು ಬಲಹೆಗಲಿಗೆ ಇಟ್ಟರೆ ಕೆನ್ನೆ ಒರಗುವುದು ಮರದ ಎಡಮಗ್ಗುಲಿಗೆ. ಉಳಿದ ಮೂರರಲ್ಲೂ ಆ ಮಗ್ಗುಲೇ ಸವೆದಿತ್ತು. ಇದರಲ್ಲಿ ಮಾತ್ರ ಬಲಮಗ್ಗುಲು ತೇದು, ಬಾಗಿಲ ಹಿಡಿಯಷ್ಟು ನುಣುಪಾಗಿತ್ತು. ಎಂದರೆ ಯಾರೋ ಒಬ್ಬ ಎಡಚ, ಎಲ್ಲೋ, ವರ್ಷಗಟ್ಟಲೆ ಇದಕ್ಕೆ ಕೆನ್ನೆ ಕೊಟ್ಟು ಮಲಗಿದ್ದ. ನನಗೆ ಆ ಕಲ್ಲುಗಣಿಯಲ್ಲಿ ಒಬ್ಬ ನೆಂಟ ಸಿಕ್ಕಿದಷ್ಟು ಸಂತೋಷವಾಯಿತು.

ಸಂತೋಷ ಅಲ್ಲಿಗೇ ಮುಗಿಯಿತು. ಬಲಹೆಗಲಿಗೆ ಇಟ್ಟು ಗುರಿ ನೋಡಬೇಕಾದರೆ ಎಡಗಣ್ಣು ಮುಚ್ಚಬೇಕು. ನನಗೆ ಬಲಗಣ್ಣೊಂದನ್ನೇ ಮುಚ್ಚಲು ಬರುತ್ತಿತ್ತು. ಎಡಗಣ್ಣು ಮುಚ್ಚಿದರೆ ಅದರ ಜೊತೆಗೆ ಬಲಗಣ್ಣೂ ಮುಚ್ಚಿಕೊಳ್ಳುತ್ತಿತ್ತು. ಕಣ್ಣು ಕತ್ತಲೆ ಮಾಡಿಕೊಂಡು ಹಾರಿಸುವ ನನ್ನ ಗುಂಡು ಗಣಿಯ ಮಣ್ಣಿನ ದಿಬ್ಬಕ್ಕೆ ತಾಗಿದರೇ ಪುಣ್ಯ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಎಡಗಣ್ಣು ಹೊಡೆಯುವುದನ್ನು ಅಭ್ಯಾಸ ಮಾಡಿದೆ. ನಮ್ಮವರು ಒಮ್ಮೆ ಅದನ್ನು ನೋಡಿ, ತಮಗೇ ಅಂದುಕೊಂಡು, ಅಂದು ಸಂಜೆ ಎರಡು ಮೊಳ ಮಲ್ಲಿಗೆ ತಂದರು. ನಾನು ನಿಜ ಹೇಳಲಿಲ್ಲ. ಇನ್ನೊಮ್ಮೆ ಅತ್ತೆ ನೋಡಿದರು. ಅವರು ಏನೂ ತರಲಿಲ್ಲ, ಸುಮ್ಮನೆ ನಿಂತು ನೋಡಿ ಒಳಗೆ ಹೋದರು.

ಒಂದು ಸಂಜೆ ಎಲ್ಲರೂ ಫ್ಲಾಸ್ಕಿನ ಕಾಫಿಯ ಸುತ್ತ ಕುಳಿತಿದ್ದಾಗ, ಸುಬೇದಾರರನ್ನು ಒಂದು ಗುಂಡು ಕೇಳಿ, ರೈಫಲನ್ನು ಎಡಹೆಗಲಿಗೆ ಇಟ್ಟುಕೊಂಡೆ. ಕೆನ್ನೆ ಆ ನುಣುಪು ಮರದ ಮೇಲೆ ತಾನಾಗಿ ಕೂತಿತು. ಬಲಗಣ್ಣು ಹೇಳದೆಯೇ ಮುಚ್ಚಿತು. ಗುಂಡು ಹಾರಿತು. ಸುಬೇದಾರರು ಹೋಗಿ ಗುರಿಯ ಕಾಗದ ನೋಡಿ, ಅಲ್ಲಿಂದಲೇ ನನ್ನ ಕಡೆ ತಿರುಗಿದರು. ನಟ್ಟನಡುವೆ ತೂತು.

“ಪಲ್ಟನ್‌ನಲ್ಲಿ ಎಡಗಡೆ ಕಲ್ಸಲ್ಲಮ್ಮ,” ಎಂದು ಗಡ್ಡ ಕೆರೆದುಕೊಂಡರು. “ಗುಂಡು ತುಂಬಕ್ಕೆ ಎಳೆಯೋ ಬೋಲ್ಟು ಬಲಗಡೆ ಐತೆ, ಕೈ ದಾಟಿಸ್ಬೇಕು. ನಂಗೆ ಹೇಳ್ಕೊಡಕ್ಕೂ ಬರಲ್ಲ. ಆದ್ರೆ ಬೇಡ ಅಂತ ರೂಲೂ ಇಲ್ಲ. ಹೆಗಲು ನಿಮ್ದು.”

“ಸಾಹೇಬ್ರೇ, ದಯವಿಟ್ಟು ಯಾರಿಗೂ ಹೇಳ್ಬೇಡಿ.”

“ನಾನ್ ಹೇಳಲ್ಲ. ಪಂದ್ಯದ ದಿನ ಎಲ್ರೂ ನೋಡ್ತಾರಲ್ಲಮ್ಮ, ಅವಾಗೇನ್ಮಾಡ್ತೀರಿ?”

ನಾನು ರೈಫಲನ್ನು ಮತ್ತೆ ಬಲಹೆಗಲಿಗೆ ತಂದೆ. ಮಲ್ಲೇಶ್ವರದ ಹೆಂಗಸರ ಮೇಲೆ ಪಂದ್ಯ ನಿಗದಿಯಾಗಿತ್ತು. ಅದರ ಹಿಂದಿನ ವಾರ ಲಾರಿಯ ಗೌಡರು ನಮ್ಮ ಮನೆಗೆ ಅವರೆಕಾಯಿ ಕೊಡಲು ಬಂದವರು, “ನಮ್ ನಾಡಕೋವಿ ಹೊಡುದ್ರೆ ಭುಜಾನೇ ಕಿತ್ಕೊಂಡ್ ಹೋದಂಗಾಯ್ತದೆ ಕಣವ್ವ,” ಎಂದು ಅತ್ತೆಯನ್ನು ಹೆದರಿಸಿಬಿಟ್ಟರು. ನಮ್ಮ ಸಣ್ಣ ರೈಫಲ್ ಒದೆಯುವುದೇ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮಾವನವರ ಹಳೆಯ ಖಾಕಿ ಕೋಟನ್ನು ಬಿಚ್ಚಿ, ನನ್ನ ಅಳತೆಗೆ ಇಳಿಸಿ, ಹೆಗಲಿಗೆ ಹತ್ತಿಯ ಮೆತ್ತೆ ಹಾಕಲು ಕೂತರು. ಅತ್ತೆಯ ಹೊಲಿಗೆ ಎಂದರೆ ಬಟ್ಟೆ ಹರಿದೀತು, ಹೊಲಿಗೆ ಬಿಚ್ಚದು.

“ಯಾವ ಹೆಗಲಿಗೆ?” ಎಂದು ಕೇಳಿದರು.

ನಾನು ತಡವರಿಸಿದೆ. “ಬಲ.”

“ಯೋಚ್ನೆ ಮಾಡಿ ಹೇಳು.”

“ಬಲಾನೇ ಅತ್ತೆ.”

ಪಂದ್ಯದ ದಿನ ಗಣಿಯ ಸುತ್ತ ಅರ್ಧ ಜಯನಗರ, ಮುಕ್ಕಾಲು ಸುಬ್ರಹ್ಮಣ್ಯಪುರ. ಎರಡು ಸುತ್ತು, ಸುತ್ತಿಗೆ ಐದು ಗುಂಡು. ಮೊದಲ ಸುತ್ತಿನಲ್ಲಿ ನಾನು ಮರ್ಯಾದಸ್ಥ ಸೊಸೆಯಾಗಿ ಬಲಹೆಗಲಿನಿಂದ ಹೊಡೆದೆ. ನನ್ನ ಕಾಗದ ಅಂಗಡಿಯಿಂದ ತಂದ ಹಾಗೆಯೇ ವಾಪಸು ಬಂತು, ಮೂಲೆಯಲ್ಲಿ ಒಂದು ತೂತು ಬಿಟ್ಟರೆ. ಮಲ್ಲೇಶ್ವರದವರು ಮುಂದೆ ಹೋದರು. ಅಧ್ಯಕ್ಷಿಣಿ ನಮ್ಮ ಅತ್ತೆಯ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ, “ಪಾಪ, ನಿಮ್ಮ ಸೊಸೆ ಕೈಯಲ್ಲಿ ಹಿಡಿತ ಇಲ್ಲ ಅಂತ ನೀವೇ ಹೇಳ್ತಿದ್ರಲ್ಲ,” ಎಂದರು.

ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಅಧ್ಯಕ್ಷಿಣಿಯ ಮೇಲಲ್ಲ, ಮೂರು ವರ್ಷದಿಂದ ಎಲ್ಲವನ್ನೂ ಕೆಡಿಸುತ್ತಿದ್ದ ನನ್ನ ಬಲಗೈಯ ಮೇಲೆ. ಎರಡನೆಯ ಸುತ್ತಿನಲ್ಲಿ ಕೊನೆಯ ಸರದಿ ನನ್ನದು. ಇಳಿಬಿಸಿಲು ನಳಿಗೆಯ ತುದಿಯ ಗುರಿಮುಳ್ಳಿಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಕಣ್ಣಂಚಿನ ಕಾಡಿಗೆಯನ್ನು ಕಿರುಬೆರಳಿನಲ್ಲಿ ಒರೆಸಿ ಮುಳ್ಳಿಗೆ ಬಳಿದೆ. ಮನೆಯಲ್ಲಿ ಹರಳೆಣ್ಣೆ ದೀಪದಲ್ಲಿ ಹಿಡಿದ ಕಾಡಿಗೆ. ಮುಳ್ಳು ಕಡುಕಪ್ಪಾಗಿ ಸ್ಪಷ್ಟವಾಗಿ ನಿಂತಿತು. ನಮ್ಮಮ್ಮನನ್ನು ನೆನೆದೆ. ಕ್ಷಮಿಸಮ್ಮ ಎಂದುಕೊಂಡೆ. ರೈಫಲನ್ನು ಎಡಹೆಗಲಿಗೆ ತಂದೆ.

ಹಿಂದಿನಿಂದ ಯಾರೋ, “ಅಯ್ಯೋ, ಎಡಗೈ ಕಣ್ರೀ,” ಎಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಅರ್ಧ ಉಸಿರು ಬಿಟ್ಟು ಅರ್ಧ ಹಿಡಿದು, ಸುಬೇದಾರರು ಹೇಳಿಕೊಟ್ಟ ಹಾಗೆ, ಅವಸರವಿಲ್ಲದೆ ಐದೂ ಗುಂಡು ಹಾರಿಸಿದೆ. ಪ್ರತಿಸಲವೂ ಕೈ ದಾಟಿಸಿ ಬೋಲ್ಟು ಎಳೆಯುವಾಗ ಹಳೆಯ ಗೆಳತಿಯ ಜಡೆ ಹೆಣೆಯುವಷ್ಟು ಸಲೀಸು ಅನ್ನಿಸಿತು.

ಸುಬೇದಾರರು ಕಾಗದ ತಂದರು. ತಮ್ಮ ಸಂಕೋಚವನ್ನು ಮರೆತು ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಜನರ ಮುಂದೆ ಒಂದು ಸುತ್ತು ನಡೆದರು. ಐದು ತೂತುಗಳನ್ನೂ ಒಂದು ಕುಂಕುಮದ ಭರಣಿಯ ಮುಚ್ಚಳದಿಂದ ಮುಚ್ಚಬಹುದಿತ್ತು. ಗೌಡರ ಊರಿನವರು ಶಿಳ್ಳೆ ಹೊಡೆದರು. ಕಮಲಮ್ಮ ಕನ್ನಡಕ ತೆಗೆದು ಅತ್ತರು. ಕಪ್ಪು ಜಯನಗರಕ್ಕೆ ಬಂತು. ನಾನು ಅಂದು ಎಷ್ಟು ಎತ್ತರಕ್ಕೆ ಬೆಳೆದೆ ಎಂದರೆ, ಲಾರಿ ಹತ್ತಲು ಯಾರ ಕೈಯೂ ಬೇಕಾಗಲಿಲ್ಲ.

ಲಾರಿಯಲ್ಲಿ ಅತ್ತೆ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಮನೆಗೆ ಬಂದದ್ದೇ, “ಕೋಟು ಬಿಚ್ಚಿಕೊಡು,” ಎಂದರು. ಕೊಟ್ಟೆ. ಇನ್ನು ನಮ್ಮಮ್ಮನಿಗೆ ಬೈಗುಳದ ಸರದಿ ಎಂದುಕೊಂಡು ಅಡಿಗೆಮನೆಗೆ ಹೋಗಿ ನಿಂತೆ. ಒಲೆ ಹಚ್ಚುವಷ್ಟರಲ್ಲಿ ಹಾಲಿನಿಂದ ಮೆಷಿನ್ನಿನ ಸದ್ದು ಬಂತು. ಅನ್ನ ಆಗುವ ಹೊತ್ತಿಗೆ ಸದ್ದು ನಿಂತು, ಅತ್ತೆ ಕೋಟು ಹಿಡಿದು ಬಾಗಿಲಲ್ಲಿ ಬಂದು ನಿಂತರು. ಮೆತ್ತೆ ಬಲಹೆಗಲಿನಲ್ಲಿ ಇರಲಿಲ್ಲ, ಎಡಹೆಗಲಿನಲ್ಲಿತ್ತು. ಅಡ್ಡಡ್ಡ ಉದ್ದುದ್ದ ಹೊಲಿಗೆ, ಆನೆ ಎಳೆದರೂ ಬಿಚ್ಚದ ಹಾಗೆ.

“ನಿಮ್ಮಮ್ಮಂಗೆ ಕಾಗ್ದ ಬರಿ,” ಎಂದರು. “ಕಪ್ಪು ಬಂತು ಅಂತ ಬರಿ. ಯಾವ ಕೈಲಿ ಬಂತು ಅಂತಾನೂ ಬರಿ. ನಾನೇ ಬರೆಯೋಕೆ ಹೇಳ್ದೆ ಅನ್ನು, ಅವರಿಗೆ ಧೈರ್ಯ ಆಗ್ಲಿ.”

ನಾನು ಅಲ್ಲೇ ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಅತ್ತೆ ನನ್ನ ಎಡಗೈ ಹಿಡಿದು ಎಬ್ಬಿಸಿ ಅದರಲ್ಲಿ ಸೌಟು ಇಟ್ಟರು. “ಹುಳಿ ಹತ್ಕೊಳತ್ತೆ, ಕಲ್ಕು.”

ಮಾರನೆಯ ಬೆಳಿಗ್ಗೆ ಬೀದಿಯ ಬಾಗಿಲಲ್ಲಿ ಎಡಗೈಯಲ್ಲಿ ರಂಗೋಲಿ ಹಾಕಿದೆ. ಎದುರುಮನೆಯಾಕೆ ಪೊರಕೆ ಹಿಡಿದು ಹಾಗೆಯೇ ನಿಂತು ನೋಡಿದಳು. ಅತ್ತೆ ಒಳಗಿನಿಂದಲೇ, “ಅದು ಕಪ್ಪು ತಂದ ಕೈ, ಚೆನ್ನಾಗಿ ನೋಡ್ಕೊಳ್ಳಿ,” ಎಂದರು. ಅಲ್ಲಿಂದ ಮುಂದೆ ಅವರು ಇದ್ದಷ್ಟು ಕಾಲ ನನ್ನ ರಂಗೋಲಿ ಸೊಟ್ಟವಾಗಲಿಲ್ಲ.

ಇಷ್ಟು ಕಥೆಯನ್ನು ನಾನು ನೂರು ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಅದನ್ನು ನನ್ನ ಗೆಲುವು ಎಂದೇ ಹೇಳಿದ್ದೇನೆ. ಒಬ್ಬ ಹಟಮಾರಿ ಅತ್ತೆಯ ಮನಸ್ಸನ್ನು ಐದು ಗುಂಡಿನಲ್ಲಿ ತಿರುಗಿಸಿದವಳು ನಾನು ಎಂದು. ನಿನ್ನೆ ರಿಪೇರಿಯವನು ಹೋದ ಮೇಲೆ, ಆ ಎಣ್ಣೆಯ ವಾಸನೆಯ ಮತ್ತಿನಲ್ಲಿ, ಟ್ರಂಕಿನಿಂದ ಕೋಟು ತೆಗೆದೆ. ಅದರ ಗುಂಡಿಗಳು ನನ್ನ ಹೊಟ್ಟೆಯ ಮೇಲೆ ಒಂದಕ್ಕೊಂದು ಭೇಟಿಯಾಗಲಿಲ್ಲ. ಸರಿ, ಒಳಮೈ ಹೊರಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಮೆಷಿನ್ ಹೊಲಿಗೆ ಬಿಚ್ಚಿದ ಗುರುತು ಬಲಹೆಗಲಿನಲ್ಲಿ ಇನ್ನೂ ಇದೆಯೇ ಎಂದು ನೋಡಿದೆ.

ಗುರುತೇ ಇಲ್ಲ. ಮೆಷಿನ್ನಿನ ಸೂಜಿ ಆ ಹೆಗಲನ್ನು ಮುಟ್ಟಿಯೇ ಇಲ್ಲ. ಅಲ್ಲಲ್ಲಿ ಬಿಳಿಯ ನೂಲಿನ ನಾಲ್ಕು ತುಂಡು ಸಿಕ್ಕಿಕೊಂಡಿವೆ. ಎಳೆದರೆ ಬಂದುಬಿಡುವ, ಕೈಯಿಂದ ಹಾಕಿದ ಉದ್ದುದ್ದನೆಯ ಕಚ್ಚಾ ಹೊಲಿಗೆ. ಜೀವಮಾನದಲ್ಲಿ ಒಂದು ಗುಂಡಿಯನ್ನೂ ಸಡಿಲವಾಗಿ ಹೊಲಿಯದ ನಮ್ಮ ಅತ್ತೆ, ಪಂದ್ಯಕ್ಕೆ ಹೋಗುವ ಕೋಟಿನ ಮೆತ್ತೆಗೆ ಕಚ್ಚಾ ಹೊಲಿಗೆ ಹಾಕಿದ್ದರು. ನಾನು ‘ಬಲ’ ಎಂದಾಗ ಅವರು ನಂಬಿರಲಿಲ್ಲ. ಸೌಟು ಕೈ ಬದಲಿಸುವುದು, ಕನ್ನಡಿಯ ಮುಂದಿನ ಕಣ್ಣು, ಎಲ್ಲವನ್ನೂ ನೋಡಿ, ತಿಳಿದು, ಒಂದು ಎಳೆತಕ್ಕೆ ಬಿಚ್ಚಿ ಎಡಗಡೆಗೆ ಹಾಕಲು ಬರುವ ಹಾಗೆ ಹೊಲಿದು ಕಳಿಸಿದ್ದರು. ನಾನಾಗಿಯೇ ಹೆಗಲು ಬದಲಿಸಲಿ ಎಂದು ಕಾದಿದ್ದರು.

ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಆಮೇಲೆ ಷೋಕೇಸಿನಿಂದ ಕಪ್ಪನ್ನು ತೆಗೆದು, ಹುಣಿಸೆಹಣ್ಣು ಹಚ್ಚಿ ಉಜ್ಜಿ, ಗೋಡೆಯ ಮೇಲಿನ ಅತ್ತೆಯ ಪಟದ ಕೆಳಗೆ ಇಟ್ಟೆ. ಎಡಗೈಯಲ್ಲೇ ಇಟ್ಟೆ.