ಉಡಿ ತುಂಬುವ ಹಾಡಿನ ವೇಗ

ಹಿರೇಕೆರೂರಿನ ಬೀಜದ ವ್ಯಾಪಾರಿಯೊಬ್ಬರು ತಮ್ಮ ಟರ್ನ್‌ಟೇಬಲ್ ಮಾರುತ್ತಾರೆಂದು ಗೊತ್ತಾದ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರೆಕಾರ್ಡು ನುಡಿಸುವ ಯಂತ್ರ ಅದು, ಅಷ್ಟೇ. ಆದರೆ ಹೊಸದಾಗಿ ತರಿಸಿದಾಗ ಅದರ ಬೆಲೆಗೆ ಒಂದು ಒಳ್ಳೆಯ ಕಾರು ಬರುತ್ತಿತ್ತಂತೆ. ಈಗ ಅವರು ಇನ್ನೂ ದೊಡ್ಡದೊಂದನ್ನು ತರಿಸುವವರಿದ್ದರು. ಇದನ್ನು ನನಗೆ ಅರ್ಧಕ್ಕೆ ಕೊಡುತ್ತೇನೆ ಎಂದಿದ್ದರು. ಅರ್ಧವಾದರೂ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾಗಿ ಶಿಗ್ಗಾಂವಿಯಲ್ಲಿ ಮನೆ ಮಾಡಿಕೊಂಡವನಿಗೆ ಅದು ಆಟದ ಮಾತಲ್ಲ.

"ಅಷ್ಟು ರೊಕ್ಕಕ್ಕ ಹಾಡೋರನ್ನ ಮನೀಗೇ ಕರಸಬಹುದಲ್ರಿ," ಎಂದಳು ಹೆಂಡತಿ. "ಊಟಾ ಹಾಕಿ, ಸೀರಿ ಉಡಿಸಿ ಕಳಸಬಹುದು."

"ಹಾಡೋರು ಬ್ಯಾರೆ, ರೆಕಾರ್ಡ್ ಬ್ಯಾರೆ."

"ಹೌದೌದು. ರೆಕಾರ್ಡಿಗೆ ಚಾ ಮಾಡಿ ಕೊಡೋ ತ್ರಾಸ ಇಲ್ಲ. ಅದೊಂದು ಚಲೋ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ರೆಕಾರ್ಡು, ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಮಗ್ಗುಲಿಗೆ ಒಂದು ಹಾಡು. ಅದನ್ನು ಕೇಳದೆ ಎಷ್ಟೋ ವರ್ಷಗಳಾಗಿದ್ದವು. ಕೆಟ್ಟ ಸೂಜಿ ತಾಗಿದರೆ ಇದ್ದದ್ದೂ ಹೋದೀತೆಂದು ಯಾವ ಯಂತ್ರಕ್ಕೂ ಹಾಕಿರಲಿಲ್ಲ.

ಅದು ನಮ್ಮ ಕಾಕಾನದು. ನಾವು ಹುಟ್ಟಿ ಬೆಳೆದ ತಿಳವಳ್ಳಿಯಲ್ಲಿ ಕಾಕಾ ಹೊಲದ ಜೊತೆಗೆ ಒಂದು ಮೈಕ್ ಸೆಟ್ಟನ್ನೂ ಇಟ್ಟುಕೊಂಡಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲೇ ಮದುವೆಯಾದರೂ ಅವನ ಚಕ್ಕಡಿ ಹೋಗುತ್ತಿತ್ತು. ಮರಕ್ಕೆ ಕಟ್ಟುವ ಎರಡು ಹಾರ್ನು, ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಪ್ಲೇಯರು, ಇಬ್ಬರು ಎತ್ತಬೇಕಾದ ಲಾರಿ ಬ್ಯಾಟರಿ. ಬೆಳಿಗ್ಗೆ ಹಚ್ಚಿದರೆ ಹೆಣ್ಣನ್ನು ಕಳಿಸಿ ಕೊಡುವವರೆಗೂ ಹಾಡು ನಿಲ್ಲುವಂತಿರಲಿಲ್ಲ. ಕಟ್ಟಕಡೆಗೆ, ಹೆಂಗಸರೆಲ್ಲ ಸರದಿಯಲ್ಲಿ ಬಂದು ಮದುಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಉಡಿ ತುಂಬುವ ಹೊತ್ತಿಗೆ, ಈ ರೆಕಾರ್ಡು. ಸಾಲು ಮುಗಿಯುವತನಕ ಮತ್ತೆ ಮತ್ತೆ ಅದೇ.

ಅಕ್ಕನ ಮದುವೆಯಲ್ಲೂ ಅದೇ ಹಾಡಿತ್ತು. ನನಗೆ ಅವ್ವನ ನೆನಪು ಅನ್ನುವುದು ಮುಖ್ಯವಾಗಿ ಅದೊಂದೇ ಗಳಿಗೆ: ಹಂದರದ ಕಂಬದ ಪಕ್ಕ ನಿಂತು, ಹಿಡಿ ಅಕ್ಕಿಯನ್ನು ಉಡಿಗೆ ಹಾಕದೆ ಹಾಗೇ ಹಿಡಿದುಕೊಂಡಿದ್ದಾಳೆ. ಮೇಲಿನಿಂದ ಒಂದು ದಪ್ಪ, ನಿಧಾನದ ಹೆಣ್ಣುದನಿ ಇಳಿದು ಬರುತ್ತಿದೆ. ಅಂಥ ದನಿಯನ್ನು ಆಮೇಲೆ ನಾನು ಎಲ್ಲಿಯೂ ಕೇಳಿಲ್ಲ. ಅವ್ವ ಅದಾದ ಕೆಲವೇ ವರ್ಷಗಳಿಗೆ ಹೋದಳು.

ಆದರೆ ಧಾರವಾಡದಲ್ಲಿ ಓದಿದ ಕಾಲದಿಂದಲೂ ನನಗೊಂದು ಚಟ: ಅಳೆಯಲಾಗದ್ದನ್ನು ನಂಬುವುದಿಲ್ಲ. ನೆನಪನ್ನಂತೂ ಮೊದಲೇ ಇಲ್ಲ. ಆ ಕಂಬ ನಿಜವಾಗಿಯೂ ಅಲ್ಲಿತ್ತೇ? ಆ ದನಿ ಇತ್ತೇ, ಅಥವಾ ಅವ್ವ ಹೋದ ಮೇಲೆ ನಾನೇ ಅದನ್ನು ಹಾಗೆ ದಪ್ಪ ಮಾಡಿಕೊಂಡೆನೇ? ಆ ರೆಕಾರ್ಡಿನ ಗೀರಿನಲ್ಲಿ ಇರುವುದೆಲ್ಲವನ್ನೂ, ಒಂದು ಕೂದಲಿನಷ್ಟೂ ಬಿಡದೆ, ಹೊರಗೆ ತರುವ ಯಂತ್ರ ಅದು ಎಂದಿದ್ದರು ವ್ಯಾಪಾರಿ. ಹಾಗಾದರೆ ಪರೀಕ್ಷೆ ಸರಳ. ಆ ದನಿ ಬಂದರೆ ಕೊಳ್ಳುವುದು, ಬರದಿದ್ದರೆ ಬಿಡುವುದು.

ಇನ್ನೊಬ್ಬ ಸಾಕ್ಷಿ ಬೇಕಿತ್ತು. ಸವಣೂರು ದಾಟಿ ಹತ್ತಿಮತ್ತೂರಿಗೆ ಹೋಗಿ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡೆ.

"ಒಂದು ಹಾಡು ಕೇಳಾಕ ಹಿರೇಕೆರೂರತನಕ ಹೊಂಟೀವಂದ್ರ ಮಂದಿ ನಗ್ತಾರಲೋ ತಮ್ಮಾ," ಎಂದಳು. ಆದರೆ ಒಳ್ಳೆಯ ಸೀರೆ ಉಟ್ಟುಕೊಂಡಿದ್ದಳು.

ದಾರಿಯಲ್ಲಿ ಕೇಳಿದೆ, "ಅವ್ವ ಆವತ್ತು ಕಂಬದ ಬಾಜೂಕ ನಿಂತಿದ್ಲಲ್ಲ?"

"ನನಗೇನ ಗೊತ್ತು? ಮದುಮಗಳು ತಲಿ ಎತ್ತತಾಳೇನು? ಉಡ್ಯಾಗ ಬೀಳೋ ಕೈ ಅಷ್ಟ ಕಾಣ್ತಿದ್ವು ನನಗ. ಬಳಿ ನೋಡಿ ಯಾರ ಕೈ ಅಂತ ಗುರ್ತು ಹಿಡೀತಿದ್ನಿ. ಅವ್ವಂದು ಕಡೀಕ ಬಂತು."

ಕಂಬದ ವಿಷಯ ಅಲ್ಲಿಗೇ ನಿಂತಿತು.

ವ್ಯಾಪಾರಿಯ ಮನೆಯಲ್ಲಿ ಯಂತ್ರಕ್ಕೆಂದೇ ಒಂದು ಕೋಣೆ. ನೆಲದ ನಡುಕ ತಾಗದಿರಲೆಂದು ಕಲ್ಲಿನ ಹಾಸಿನ ಮೇಲೆ ಅದನ್ನು ಕೂರಿಸಿದ್ದರು. ತಟ್ಟೆಯೇ ಒಂದು ಬೀಸುವ ಕಲ್ಲಿನಷ್ಟು ಭಾರವಿತ್ತು. ಅವರು ಕೈ ತೊಳೆದು ಬಂದು, ನನ್ನ ರೆಕಾರ್ಡನ್ನು ಅಂಚಿನಲ್ಲೇ ಹಿಡಿದು, ಮೆತ್ತಗಿನ ಬ್ರಷ್ಷಿನಿಂದ ಒರೆಸಿದರು. ಕೂಸಿಗೆ ಎಣ್ಣೆ ಹಚ್ಚುವವರ ಹಾಗೆ. ಇಂಥ ವಸ್ತುಗಳಿಗೆ ಹಣ ಸುರಿಯುವವರ ಬಗ್ಗೆ ನನಗಿದ್ದ ಕೊಂಕು ಅರ್ಧ ಅಲ್ಲೇ ಕರಗಿತು.

"ಕುಂಡ್ರಿ ಸರ. ಅಕ್ಕಾರ, ನೀವು ನಡುವ ಕುಂಡ್ರಿ, ಅಲ್ಲೇ ಚಲೋ ಕೇಳತೈತಿ," ಎಂದು ಸೂಜಿ ಇಳಿಸಿದರು.

ಕೋಣೆ ತುಂಬ ಹುಡುಗಿಯರು ಬಂದುಬಿಟ್ಟರು. ತೆಳುವಾದ, ಚುರುಕಾದ ದನಿಗಳು, ಓಡೋಡಿ ಹಾಡುತ್ತಿದ್ದವು. ಹಿಂದೆ ಯಾರೋ ನಕ್ಕದ್ದೂ ಕೇಳಿತು. ಕೈಬಳೆ ಸರಿದ ಸದ್ದು ಕೇಳಿತು. ನನ್ನ ನೆನಪಿನ ಆ ದಪ್ಪ ದನಿ ಮಾತ್ರ ಎಲ್ಲಿಯೂ ಇರಲಿಲ್ಲ.

"ವೇಗ ತಪ್ಪೈತ್ರಿ," ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಕಪ್ಪು ಗೆರೆಗಳಿದ್ದ ಒಂದು ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು, ಸಣ್ಣ ದೀಪ ಹಿಡಿದು ತಿರುಗಿಸಿದರು. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣಬೇಕು. ಕಂಡವು, ಗೋಡೆಗೆ ಬರೆದ ಹಾಗೆ. ಭೌತಶಾಸ್ತ್ರ ಹೇಳಿದವನು ಅದಕ್ಕೆ ಎದುರಾಡುವಂತಿರಲಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ನನ್ನದೇ ಕಲ್ಪನೆ. ಕಂಬ ಹೋಯಿತು, ಈಗ ದನಿಯೂ ಹೋಯಿತು. ಅವ್ವನದೆಂದು ಇನ್ನೇನು ಉಳಿಯಿತು ಎಂದು ಕೂತೆ.

ಅಕ್ಕ ಮಾತ್ರ ನಗುತ್ತಿದ್ದಳು. "ಇವರಿಗೇನು ಬಸ್ಸು ತಪ್ಪತೈತೇನು? ಹಿಂಗ್ಯಾಕ ಓಡಾಕತ್ತಾರ? ಇದನ್ನ ಹಿಂಗ ಹಾಡಬೇಕು," ಎಂದವಳೇ ಕಣ್ಣು ಮುಚ್ಚಿ ಶುರು ಮಾಡಿದಳು.

ನಿಧಾನ. ಪ್ರತಿ ಸಾಲಿನ ಕೊನೆಗೆ ದನಿ ಕೆಳಗೆ ಜಾರಿ, ಇನ್ನೇನು ನಿಂತೇ ಹೋಯಿತು ಅನ್ನುವಾಗ ಮುಂದಿನ ಸಾಲು ಏಳುವುದು. ನನ್ನ ನೆನಪಿನಲ್ಲಿದ್ದ ನಡೆಯೇ ಅದು.

ಬಾಗಿಲಲ್ಲಿ ವ್ಯಾಪಾರಿಯ ತಾಯಿ ಬಂದು ನಿಂತಿದ್ದರು, ಹಣೆಯ ತುಂಬ ವಿಭೂತಿ. ಎರಡನೆಯ ಸಾಲಿಗೆ ಅವರೂ ಕೂಡಿಕೊಂಡರು, ಅದೇ ನಡೆಯಲ್ಲಿ, ಅದೇ ಜಾಗದಲ್ಲಿ ಜಾರಿ.

"ನಿಮ್ಮ ಕಡೇನೂ ಹಿಂಗ ಹಾಡ್ತಾರೇನ್ರಿ?" ಎಂದೆ.

"ಮತ್ತ ಹೆಂಗ ಹಾಡೂದು? ಉಡಿ ತುಂಬೂಮುಂದ ಎಲ್ಲಾರೂ ಹಿಂಗ ಹಾಡ್ತೇವಿ. ಮೈಕಿನ್ಯಾಗ ಕೇಳಿ ಕಲ್ತದ್ದು."

ಆ ಮಾತು ಕೇಳಿದ ಮೇಲೆ ನನ್ನ ತಲೆ ಓಡಿತು. "ಅಕ್ಕಾ, ಕಾಕಾನ ಪೆಟಗಿ ಮ್ಯಾಲೆ ಒಂದು ಸಣ್ಣ ದೀಪ ಇತ್ತಲ್ಲ, ಉಡಿ ತುಂಬೂಮುಂದ ಅದು ಹೆಂಗಿರತಿತ್ತು?"

"ಬ್ಯಾರೇರ ಮದುವ್ಯಾಗ ನೋಡೇನಲ್ಲ, ಕೆಂಪಗ ಆಗಿರತಿತ್ತು. ಆರಿಹೋಗೂ ಹಂಗ."

ಬೆಳಗಿನಿಂದ ನುಡಿಸಿ ನುಡಿಸಿ ಬ್ಯಾಟರಿ ಇಳಿದಿರುತ್ತಿತ್ತು. ಅದೇ ಬ್ಯಾಟರಿ ಪ್ಲೇಯರನ್ನೂ ತಿರುಗಿಸುತ್ತಿತ್ತು. ತಟ್ಟೆ ನಿಧಾನವಾದಂತೆ ಹಾಡೂ ನಿಧಾನ, ಹುಡುಗಿಯರ ದನಿ ಇಳಿದು ದೊಡ್ಡ ಹೆಂಗಸಿನ ದನಿ. ಆಗ ಎಲ್ಲರ ಮೈಕ್ ಸೆಟ್ಟೂ ಬ್ಯಾಟರಿಯ ಮೇಲೇ, ಎಲ್ಲರ ಮದುವೆಯಲ್ಲೂ ಉಡಿ ತುಂಬುವುದು ಕೊನೆಗೇ. ಆದ್ದರಿಂದ ಈ ಸೀಮೆಯ ಹೆಂಗಸರು ಆ ಹಾಡನ್ನು ಇಳಿದ ಬ್ಯಾಟರಿಯಿಂದಲೇ ಕಲಿತರು. ಅದರಲ್ಲೂ ತಾಯಿಯ ಸರದಿ ಎಲ್ಲರಿಗಿಂತ ಕೊನೆಗೆ. ಅವ್ವನ ಕೈ ಬರುವ ಹೊತ್ತಿಗೆ ಹಾಡು ಎಳೆದೆಳೆದು ಬರುತ್ತಿದ್ದಿರಬೇಕು.

ಇದನ್ನೆಲ್ಲ ಹೇಳಿದಾಗ ಅಕ್ಕ ಬಾಯಿಗೆ ಸೆರಗು ಹಿಡಿದಳು. "ಹಂಗಾರ ಅಷ್ಟೆಲ್ಲಾ ಅತ್ತದ್ದು ಬ್ಯಾಟ್ರಿಗೇನಲೋ?"

ಎಲ್ಲರೂ ನಕ್ಕೆವು. ಆಮೇಲೆ ಅವಳೇ, "ಇನ್ನೊಮ್ಮೆ ಹಚ್ರಿ," ಎಂದಳು. ಈ ಸಲ ಹಾಡಿನ ಮಾತುಗಳನ್ನು ಕಿವಿಗೊಟ್ಟು ಕೇಳಿದೆವು. ಅಳುವ ಹಾಡೇ ಅಲ್ಲ ಅದು. ಉಡಿಗೆ ಬೆಲ್ಲ ಕಡಿಮೆ ಹಾಕಿದ ಜಿಪುಣ ಚಿಗವ್ವನನ್ನು ಗೆಳತಿಯರು ಕಾಡಿಸುವ ಹಾಡು. ಇನ್ನೊಂದು ಹಿಡಿ ಹಾಕವ್ವ, ಇನ್ನೊಂದು ಹಿಡಿ ಹಾಕವ್ವ ಎಂದು ಬೆನ್ನು ಬಿಡುವುದಿಲ್ಲ. ನಿಧಾನವಾಗಿ ಹಾಡಿದರೆ ಅದೇ ಸಾಲು, ಇನ್ನೊಂದು ಗಳಿಗೆ ಇರಲಿ ಎಂದು ಬೇಡಿಕೊಂಡಂತೆ ಕೇಳುತ್ತದೆ.

ನಾನು ಕೊನೆಯ ಪ್ರಯತ್ನ ಮಾಡಿದೆ. "ಇದರ ವೇಗ ಕಡಿಮಿ ಮಾಡಾಕ ಬರತೈತೇನ್ರಿ? ಸ್ವಲ್ಪ ಜಗ್ಗಿದಂಗ?"

ವ್ಯಾಪಾರಿ ನೊಂದವರಂತೆ ನೋಡಿದರು. "ಸರ, ಏನಾದ್ರೂ ಆಗ್ಲಿ, ವೇಗ ಕದಲಬಾರದು ಅಂತನ ಇದಕ್ಕ ಅಷ್ಟು ರೊಕ್ಕ ಕೊಡೂದು."

ಹೊರಡುವಾಗ ಗೇಟಿನ ಹತ್ತಿರ ಬಂದು ಕೇಳಿದರು, "ಮತ್ತ ಏನ ವಿಚಾರ ಮಾಡಿದ್ರಿ?"

"ಮಷೀನು ಭಾಳ ಚಲೋ ಐತ್ರಿ. ಹೇಳಿದ ಬೆಲೀಗೆ ಮೋಸ ಇಲ್ಲ. ನನಗ ಬ್ಯಾಡ್ರಿ," ಎಂದೆ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ, ಒತ್ತಾಯ ಮಾಡಲಿಲ್ಲ. ರೆಕಾರ್ಡನ್ನು ಅವರ ಹತ್ತಿರವೇ ಬಿಟ್ಟೆ. ಅದನ್ನು ಇದ್ದದ್ದು ಇದ್ದ ಹಾಗೆ ನುಡಿಸುವವರ ಮನೆಯಲ್ಲಿ ಅದು ಇರಲಿ. ಆ ಹುಡುಗಿಯರು ನಕ್ಕದ್ದಾದರೂ ಯಾರಿಗಾದರೂ ಕೇಳಲಿ.

ಬ್ಯಾಟರಿಯ ಲೆಕ್ಕವನ್ನು ನಾನು ಇನ್ನೂ ಅಳೆದು ನೋಡಿಲ್ಲ. ತಿಳವಳ್ಳಿಯಲ್ಲಿ ಆ ಪೆಟ್ಟಿಗೆಯೂ ಈಗಿಲ್ಲ. ತೀರ ಸರಿಹೊಂದುವ ವಿವರಣೆಯನ್ನು ಸಂಶಯಿಸಬೇಕೆಂದು ಹುಡುಗರಿಗೆ ನಾನೇ ಹೇಳುತ್ತಿದ್ದೆ. ಆದರೆ ಹಾವೇರಿ ದಾಟುವಾಗ ಅಕ್ಕ ಹೊಸ ವೇಗದಲ್ಲಿ ಹಾಡಲು ಹೊರಟಳು, ರೆಕಾರ್ಡಿನ ಹುಡುಗಿಯರ ಹಾಗೆ, ತೊಡೆಯ ಮೇಲೆ ತಾಳ ಹಾಕುತ್ತ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಾಳ ನಿಧಾನವಾಯಿತು, ದನಿ ಇಳಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಅವಳನ್ನು ಹತ್ತಿಮತ್ತೂರಿಗೆ ಬಿಡದೆ ನೇರ ಶಿಗ್ಗಾಂವಿಗೆ ಕರೆದುಕೊಂಡು ಬಂದೆ. ಹೆಂಡತಿ ಬಾಗಿಲಲ್ಲೇ ನಿಂತು ಕಾರಿನ ಹಿಂದಿನ ಸೀಟಿನತ್ತ ಇಣುಕಿದಳು.

"ತಂದ್ರೇನ್ರಿ?"

"ಹಾಡೋರನ್ನ ತಂದೇನಿ," ಎಂದೆ. "ಚಾ ಇಡು."