ಸೀತತ್ತೆಯ ತುಟಿಗೆ ಕಾಸಿದ ಮೇಣ

ಮಹಾರಾಜರ ಆಳ್ವಿಕೆಯ ಆ ದಿನಗಳಲ್ಲಿ ಮಧುಗಿರಿಯ ಚಳಿಗಾಲಕ್ಕೆ ಅದರದೇ ಒಂದು ಕಟುತನವಿತ್ತು. ಊರಿನ ಬೆನ್ನಿಗೆ ನಿಂತ ಏಕಶಿಲೆಯ ಬೆಟ್ಟದಿಂದ ಧನುರ್ಮಾಸದ ಬೆಳಗಿನ ಜಾವ ಒಣಗಾಳಿ ಇಳಿದುಬರುತ್ತಿತ್ತು. ಆ ಸೀಮೆಯಲ್ಲಿ ಬೆಳೆದ ಹಿರಿಯರಿಗೆ ನೆನಪಿರಬಹುದು: ಕೈಕಾಲು ಬೂದಿ ಬಳಿದಂತಾಗಿ, ನಕ್ಕರೆ ತುಟಿ ಬಿರಿಯುತ್ತಿತ್ತು.

ನನಗಾಗ ಒಂಬತ್ತು ವರ್ಷ. ಹೆತ್ತ ತಾಯಿಯನ್ನು ನಾನು ಕಂಡವಳಲ್ಲ. ತಂದೆಯವರು ಪೌರೋಹಿತ್ಯಕ್ಕಾಗಿ ಕೊರಟಗೆರೆ, ಶಿರಾ ಎಂದು ತಿರುಗುತ್ತಿದ್ದರು; ಮನೆಯಲ್ಲಿದ್ದಾಗ ಶ್ಲೋಕಪಾಠವನ್ನು ಬಿಟ್ಟರೆ ನನ್ನೊಡನೆ ಬೇರೆ ಮಾತಿರಲಿಲ್ಲ. ಅಜ್ಜಿ ಮಡಿಯಲ್ಲಿರುವಾಗ ಮುಟ್ಟುವಂತಿರಲಿಲ್ಲ. ಆಕೆ ಸದಾ ಮಡಿಯಲ್ಲೇ ಇರುತ್ತಿದ್ದಳು. ನನಗಿದ್ದವಳು ತಂದೆಯ ತಂಗಿ ಸೀತತ್ತೆ ಒಬ್ಬಳೇ. ಹದಿನಾರಕ್ಕೆ ವೈಧವ್ಯ ಒದಗಿ, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗು ಹೊದ್ದು ತವರಿಗೆ ಮರಳಿದ ಅವಳಿಗೆ ಆಗಿನ್ನೂ ಇಪ್ಪತ್ತೆರಡು. ಮಧ್ಯಾಹ್ನ ಊಟ ಮುಗಿದ ಮೇಲೆ ನನ್ನ ಜಡೆ ಹೆಣೆಯುತ್ತ ಅವಳು ಹೇಳುತ್ತಿದ್ದ ಪುರಾಣಕಥೆಗಳೇ ನನ್ನ ದಿನದ ಬೆಳಕಾಗಿದ್ದವು.

ಆ ಧನುರ್ಮಾಸದಲ್ಲಿ ಕಥೆ ನಿಂತುಹೋಯಿತು. ನಸುಕಿನಲ್ಲಿ ತಣ್ಣೀರು ಮಿಂದು ಮಿಂದು ಅತ್ತೆಯ ತುಟಿ ಸೀಳಿ ರಕ್ತ ಜಿನುಗುತ್ತಿತ್ತು. ನೈವೇದ್ಯದ ಹುಗ್ಗಿಯ ಮೆಣಸು ತಾಗಿದರೆ ಅವಳ ಕಣ್ಣು ತುಂಬುತ್ತಿತ್ತು. ಅವಳು ಮೌನವಾದ ಮೇಲೆ ಸದ್ದು ಮಾಡಲಿಕ್ಕೆ ಆ ಮನೆಯಲ್ಲಿ ಬೇರೇನೂ ಇರಲಿಲ್ಲ, ಗಡಿಯಾರ ಕೂಡ.

"ಜೇನುಮೇಣ ಸಿಕ್ಕಿದ್ರೆ ಏನಾದ್ರೂ ಮಾಡ್ಕೋಬಹುದಿತ್ತು ಕಣೇ" ಎಂದಳು ಒಂದು ದಿನ, ತುಟಿ ಅಲುಗಿಸದೆ.

ಜೇನು ಮಾರಲು ಬರುತ್ತಿದ್ದ ಹನುಮಕ್ಕನನ್ನು ಬೀದಿಯಲ್ಲೇ ಹಿಡಿದೆ.

"ಮೇಣ ಯಾಕವ್ವ? ಗೊಂಬೆ ಮಾಡ್ತೀಯಾ?"

"ಸೀತತ್ತೆಗೆ ತುಟಿ ಒಡೆದಿದೆ."

"ಅಯ್ಯೋ ಶಿವನೇ! ಬೆಟ್ಟದ ಗಾಳಿ ಕಣವ್ವ, ಯಾರ್ನೂ ಬುಡಕಿಲ್ಲ. ತಕ್ಕಾ, ತಕ್ಕಂಡೋಗು" ಎಂದು ಮುಷ್ಟಿಯಷ್ಟು ಮೇಣವನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು.

ಅತ್ತೆ ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿ ಗಟ್ಟಿಯಾದ ಬಿಲ್ಲೆಯಿಂದ ಅಡಿಕೆಯಷ್ಟನ್ನು ಚೂರಿಯಲ್ಲಿ ಹೆರೆದಳು. ಕಬ್ಬಿಣದ ಸೌಟಿನಲ್ಲಿ ಕೆಂಡದ ಮೇಲೆ ಅದು ಕರಗುತ್ತಿರಲು ಎರಡು ಚಮಚ ಆಕಳ ತುಪ್ಪ, ನಾಲ್ಕು ತೊಟ್ಟು ಹರಳೆಣ್ಣೆ ಬಿಟ್ಟಳು. ಜೇನುಗೂಡಿನ ಕಂಪೂ ತುಪ್ಪದ ಕಂಪೂ ಬೆರೆತು ಅಡಿಗೆಮನೆ ತುಂಬಿತು. ತಂದೆಯವರ ಖಾಲಿ ನಶ್ಯದ ಡಬ್ಬಿಯಲ್ಲಿ ಅದು ಹೆಪ್ಪುಗಟ್ಟಿತು. ಸ್ನಾನಕ್ಕೆ ಹೋಗುವ ಮುನ್ನ, ಅವಳನ್ನು ಮುಟ್ಟಬಹುದಾದ ಹೊತ್ತಿನಲ್ಲಿ, ಅದನ್ನು ಹಚ್ಚುವ ಕೆಲಸ ನನ್ನದಾಯಿತು. ಮೇಣದ ಮೇಲೆ ನೀರು ನಿಲ್ಲದು. ವಾರದೊಳಗೆ ತುಟಿ ಕೂಡಿತು, ಕಥೆಯೂ ಮರಳಿತು.

ಡಬ್ಬಿ ಬರಿದಾದಾಗ, ಅವಳಿಗೆ ಹೇಳದೆ ನಾನೇ ಮೇಣ ಕಾಸಿದೆ. ನನ್ನ ತಲೆಯೆಣ್ಣೆಗೆ ಅವಳು ಒಂದು ಬೇರನ್ನು ಹಾಕುತ್ತಿದ್ದಳು. ಶಿರಾದಿಂದ ಅತ್ತರು ಮಾರಲು ಬರುವ ಸಾಹೇಬ ತರುತ್ತಿದ್ದ ಆ ಬೇರಿನಿಂದ ಎಣ್ಣೆ ಮಾಣಿಕ್ಯದಂತೆ ಕೆಂಪಾಗುತ್ತಿತ್ತು. ನನಗೊಬ್ಬಳಿಗೇ ಏಕೆ ಆ ಚೆಲುವು ಎಂದುಕೊಂಡು ಬೇರಿನ ಎರಡು ತುಂಡನ್ನು ಸೌಟಿಗೆ ಹಾಕಿದೆ. ಮರುದಿನ ನಸುಕಿನಲ್ಲಿ ಹಣತೆಯ ಮಬ್ಬಿನಲ್ಲಿ ಅವಳ ತುಟಿಗೆ ಹಚ್ಚಿದೆ. ಅವಳಂಥವರು ಎಲೆಯಡಿಕೆ ಮೆಲ್ಲುವಂತಿರಲಿಲ್ಲ, ಕನ್ನಡಿ ನೋಡುವಂತಿರಲಿಲ್ಲ. ಅವಳು ನೋಡಿಕೊಳ್ಳಲಿಲ್ಲ.

ಧನುರ್ಮಾಸದ ಪೂಜೆಗೆಂದು ಹೋದ ದೇವಸ್ಥಾನದ ಪ್ರಾಕಾರದಲ್ಲಿ ಬೆಳಕು ಹರಿಯಿತು. ಪಕ್ಕದ ಮನೆಯ ನಂಜಮ್ಮನವರು ಎಲ್ಲರಿಗೂ ಕೇಳುವಂತೆ ನಕ್ಕರು.

"ಏನೇ ಸೀತಾ, ತಾಂಬೂಲ ಜೋರಾಗಿದೆಯಲ್ಲ! ಎಲೆ ಯಾರು ಮಡಿಸಿಕೊಟ್ರೇ?"

ಅತ್ತೆ ಸೆರಗಿನಿಂದ ತುಟಿಯೊರೆಸಿಕೊಂಡು ಬೆರಳನ್ನು ನೋಡಿಕೊಂಡಳು. ಬಳಿಕ ನನ್ನನ್ನು ನೋಡಿದಳು.

ಮನೆಯಲ್ಲಿ ಅಜ್ಜಿ ಬಾಗಿಲು ಹಾಕಿ ಕೇಳಿದಳು: "ಎಲೆ ಮೆದ್ದೆಯೇನೇ? ನಾಳೆ ನಿಮ್ಮಣ್ಣನ್ನ ಯಾರು ಪೂಜೆಗೆ ಕರೀತಾರೆ?"

ನಾನು ಕಂಬದ ಮರೆಯಲ್ಲಿದ್ದೆ. ಅಷ್ಟು ಶ್ಲೋಕಗಳನ್ನು ಕಲಿತ ನಾಲಗೆಗೆ ಒಂದು ಮಾತು ಬರಲಿಲ್ಲ.

"ತಪ್ಪಾಯ್ತಮ್ಮ" ಎಂದಳು ಅತ್ತೆ.

ಎಂಟನೆಯ ದಿನ ಅವಳನ್ನು ಪಾವಗಡದ ಕಡೆಯ ಗಂಡನ ಮನೆಗೆ ಗಾಡಿಯಲ್ಲಿ ಕಳಿಸಿದರು. ಹೊರಡುವಾಗ ನನ್ನ ಗಲ್ಲ ಹಿಡಿದು, "ಎಣ್ಣೆ ಹಚ್ಕೊಳ್ದೆ ಇರಬೇಡ ಕಣಮ್ಮ" ಎಂದಳು. ಅವಳು ಅಲ್ಲಿ ಜ್ವರದಿಂದ ತೀರಿಕೊಂಡ ಸುದ್ದಿ ಮೂರನೆಯ ವರ್ಷ ಬಂತು.

ನನ್ನ ಮದುವೆಯ ಮುನ್ನಾದಿನ ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೇ. ಅವತ್ತು ಸೌಟು ತೊಳೆದವಳು ನಾನೇ."

"ಮತ್ತೆ ಯಾಕಜ್ಜಿ ಕಳಿಸಿದೆ?"

"ಎಲೆ ಅಂದ್ರೆ ನಾಲಗೆ ಚಪಲ ಅಂತಾರೆ, ಅವಳು ಕಣ್ಮರೆಯಾದ್ರೆ ಮರೀತಾರೆ. ತುಟಿಗೆ ಬಣ್ಣ ಅಂದಿದ್ರೆ ಏನಂತಿದ್ರು? ಅವಳಿಗದು ಗೊತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ." ಹೊಸೆದ ಬತ್ತಿಯನ್ನು ತಟ್ಟೆಗಿಟ್ಟು, "ನನ್ನ ಮಗಳು ಕಣೇ ಅವಳು" ಎಂದಳು.

ಅಜ್ಜಿಯೂ ಹೋದಳು, ತಂದೆಯವರೂ ಹೋದರು. ಆ ಕಾಲದ ಕಟ್ಟುಪಾಡುಗಳು ಸಡಿಲಿದವು. ಅದಕ್ಕಾಗಿ ಭಗವಂತನಿಗೆ ಕೈಮುಗಿಯುತ್ತೇನೆ. ಆದರೆ ಅವಳಂಥವರನ್ನು ಚಿತ್ರಪಟದಲ್ಲಿ ಹಿಡಿದಿಡುವ ಪದ್ಧತಿ ಇರಲಿಲ್ಲ. ಮಕ್ಕಳಿಲ್ಲದವಳ ಶ್ರಾದ್ಧ ಇಂದು ಯಾರೂ ಮಾಡುವುದಿಲ್ಲ. ಪ್ರತಿದಿನ ಸಂಧ್ಯಾದೀಪ ಹಚ್ಚುವಾಗ ಅವಳ ಮುಖವನ್ನು ಒಮ್ಮೆ ನೆನೆಯುತ್ತೇನೆ. ಆ ಮುಖವನ್ನು ಕಂಡವರು ಈ ಲೋಕದಲ್ಲಿ ಈಗ ನಾನೊಬ್ಬಳೇ.