ಭಾವ ಮನಸ್ಸಿನಲ್ಲಿ ಬೀಳಿಸಿದ ಕಬ್ಬಿಣ

ಕಾರ್ಖಾನೆಯ ಎರಡನೆಯ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಭಾವ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವರು ಭಾವನಾಗಿದ್ದುದು ಒಬ್ಬನಿಗೆ ಮಾತ್ರ. ಹೆಂಡತಿಯ ತಮ್ಮ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಭಾವ ಮೇಲೆ, ಛಾವಣಿಗೆ ತಾಗುವಂತಿದ್ದ ಗೂಡಿನಲ್ಲಿ ಕುಳಿತು ಕ್ರೇನ್ ನಡೆಸುತ್ತಿದ್ದರು. ಭಾಮೈದ ಕೆಳಗೆ ನಿಂತು ಭಾರಕ್ಕೆ ಸರಪಳಿ ಬಿಗಿದು ಕೈಸನ್ನೆ ಮಾಡುತ್ತಿದ್ದ. ಹತ್ತು ಟನ್ನಿನ ಕಬ್ಬಿಣದ ಅಚ್ಚುಗಳು ಅವನ ಮಗ್ಗುಲಲ್ಲೇ ತೂಗಿಕೊಂಡು ಹೋಗುತ್ತಿದ್ದವು. ಇಪ್ಪತ್ತಾರು ವರ್ಷಗಳಲ್ಲಿ ಆ ಶೆಡ್ಡಿನಲ್ಲಿ ಒಬ್ಬರ ಉಗುರೂ ಹಾರಿರಲಿಲ್ಲ.

ಅದು ಅದೃಷ್ಟವಲ್ಲ, ಪಾಠ. ಭಾವನಿಗೆ ಕೆಲಸ ಕಲಿಸಿದ ಹಿರಿಯ ಚಾಲಕರು ಮೊದಲ ದಿನವೇ ಹೇಳಿದ್ದರು: "ಎತ್ತೋ ಮೊದಲು ಮನಸ್ಸಲ್ಲಿ ಒಂದು ಸಲ ಬೀಳಿಸಿ ನೋಡು. ಅಲ್ಲಿ ಯಾರು ಸಾಯ್ತಾರೋ ಅವರನ್ನ ಪಕ್ಕಕ್ಕೆ ಕಳಿಸು. ಆಮೇಲೆ ಕೈ ಹಾಕು." ಭಾವ ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದರು. ದಿನಕ್ಕೆ ನಲವತ್ತು ಸಲ ಸರಪಳಿ ಹರಿಯುತ್ತಿತ್ತು, ನಲವತ್ತು ಸಲ ಅಚ್ಚು ಕಳಚುತ್ತಿತ್ತು, ಎಲ್ಲ ಅವರ ತಲೆಯೊಳಗೆ. ಕೆಳಗೆ ನಿಲ್ಲುವವನು ಭಾಮೈದನಾದ್ದರಿಂದ, ಪಾಪ, ಹೆಚ್ಚು ಸಲ ಸತ್ತವನೂ ಅವನೇ. ಒಳಗೆ ಹಾಗೆ ಕಂಡ ಕೂಡಲೇ ಭಾವ ಗಂಟೆ ಬಾರಿಸುತ್ತಿದ್ದರು. ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಯಾಕೆಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಇಂಥದ್ದನ್ನು ಯಾರಾದರೂ ಹೆಂಡತಿಯ ತಮ್ಮನಿಗೆ ಹೇಳುತ್ತಾರೆಯೇ?

ಕಳೆದ ವರ್ಷ ಟೋಪಿ ಬಂತು. ಹೆಲ್ಮೆಟ್ಟಿನ ಒಳಗೆ ಹಾಕುವ ತೆಳ್ಳನೆಯ ಟೋಪಿ, ಒಳಮೈ ತುಂಬ ಗುಂಡಿಯಂಥ ಬಿಲ್ಲೆಗಳು. ಚಾಲಕರು ತೂಕಡಿಸಿದರೆ ಎಚ್ಚರಿಸುತ್ತದೆ, ಅಷ್ಟೇ ಎಂದರು ಮೇಲಿನವರು. ಭಾವ ಒಪ್ಪಿಗೆಪತ್ರದ ಮೂರು ಹಾಳೆಯನ್ನೂ ಓದಿಯೇ ಸಹಿ ಹಾಕಿದರು. ತೂಕಡಿಕೆಯ ಹೊರತು ಬೇರೆ ಮಾತು ಅದರಲ್ಲಿರಲಿಲ್ಲ. ಆಮೇಲೆ ಯಾವಾಗಲೋ, ಯಾರನ್ನೂ ಕೇಳದೆ, ಮೇಲಿನವರು ಟೋಪಿಗೆ ಜೋಡಿಸಿದ್ದ ಕಂಪ್ಯೂಟರಿಗೆ ಹೊಸ ವಿದ್ಯೆ ಕಲಿಸಿದರು. ತಲೆಯೊಳಗೆ ಮೂಡುವ ಚಿತ್ರ ಯಾವುದೆಂದು ಅದು ಊಹಿಸಿ ಬರೆದಿಡತೊಡಗಿತು.

ಒಂದು ಬೆಳಿಗ್ಗೆ ಸುರಕ್ಷತಾ ವಿಭಾಗದ ಮೇಡಂ ಕರೆಸಿದರು. ಮೇಜಿನ ಮೇಲೆ ದಪ್ಪನೆಯ ಕಾಗದದ ಕಟ್ಟು.

"ಮನೇಲಿ ಏನಾದ್ರೂ ಜಗಳ ಇದೆಯಾ?"

"ಯಾರ ಮನೇಲಿಲ್ಲ ಹೇಳಿ."

"ನಿಮ್ಮ ಭಾಮೈದನ ಜೊತೆ?" ಮೇಡಂ ಹಾಳೆ ತಿರುವಿದರು. "ಮೂರು ತಿಂಗಳಲ್ಲಿ ಆರುನೂರ ಹನ್ನೆರಡು ಸಲ ಅವರ ಮೇಲೆ ಭಾರ ಬೀಳೋ ಚಿತ್ರ ನಿಮ್ಮ ತಲೇಲಿ ಬಂದಿದೆ. ಕಂಪ್ಯೂಟರ್ ಇದನ್ನ ಹಾನಿ ಮಾಡೋ ಉದ್ದೇಶ ಅಂತ ಗುರುತಿಸಿದೆ."

ಭಾವನ ಕಿವಿ ಕಾದವು. "ಇದು ನನ್ನ ತಲೆಯೊಳಗಿಂದ ತೆಗೆದದ್ದಾ? ಯಾರನ್ನ ಕೇಳಿ ತೆಗೆದ್ರಿ?"

"ನಿಮ್ಮ ಸಹಿ ಇದೆಯಲ್ಲ."

"ಅದು ತೂಕಡಿಕೆಗೆ ಹಾಕಿದ್ದು. ಬಾಗಿಲು ಕಾಯೋಕೆ ಇಟ್ಟವನು ಒಳಗೆ ಬಂದು ಬೀರು ತೆಗೆದ ಹಾಗಾಯ್ತು ಇದು."

ಹಿರಿಯ ಚಾಲಕರ ಪಾಠವನ್ನೂ ವಿವರಿಸಿದರು. ಮೇಡಂ ತಾಳ್ಮೆಯಿಂದ ಬರೆದುಕೊಂಡರು, ನಂಬಲಿಲ್ಲ. ವಿಚಾರಣೆ ಮುಗಿಯುವವರೆಗೆ ಕ್ರೇನ್ ಹತ್ತಬಾರದು ಎಂದರು. ಸಾಲದ್ದಕ್ಕೆ, ಅಪಾಯ ಇರುವವರಿಗೆ ತಿಳಿಸುವುದು ನಿಯಮವಂತೆ. ವರದಿಯ ಪ್ರತಿಯೊಂದು ಆಗಲೇ ಭಾಮೈದನ ಕೈ ಸೇರಿತ್ತು.

ಸಂಜೆ ಅವನು ಅದನ್ನು ಹಿಡಿದುಕೊಂಡೇ ಮನೆಗೆ ಬಂದ. "ಅಕ್ಕ, ನಿನ್ನ ಗಂಡ ನನ್ನನ್ನ ಆರುನೂರ ಹನ್ನೆರಡು ಸಲ ಕೊಂದಿದ್ದಾರಂತೆ. ಸತ್ತವನಿಗೆ ಒಂದು ದಿನ ರಜೆನಾದ್ರೂ ಸಿಗಬೇಕಿತ್ತು."

ಭಾವ ಎಲ್ಲವನ್ನೂ ಬಿಡಿಸಿ ಹೇಳಿದರು. ಅವನು ನಕ್ಕ, ಆದರೆ ಊಟಕ್ಕೆ ನಿಲ್ಲಲಿಲ್ಲ. ಹೆಂಡತಿ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು. "ನನ್ನನ್ನೂ ಹೀಗೇ ಎಲ್ಲಾದ್ರೂ ಬೀಳಿಸಿದ್ದೀರಾ?"

ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳ ಮಾತು ಅದು. ಭಾವನನ್ನು ಇನ್ನೊಂದು ಸಂಗತಿ ಕೊರೆಯುತ್ತಿತ್ತು. ಹಿಂದೊಮ್ಮೆ ಭಾಮೈದ ನಾಲ್ಕು ಜನರೆದುರು ತಮ್ಮನ್ನು ಜಿಪುಣ ಎಂದು ಗೇಲಿ ಮಾಡಿದ್ದ. ಆ ದಿನ ಅಚ್ಚು ಬಿದ್ದಾಗ, ಮನಸ್ಸಿನಲ್ಲಿ, ಅವನನ್ನು ಒಂದು ಗಳಿಗೆ ಹೆಚ್ಚು ಹೊತ್ತು ಅದರಡಿ ಬಿಟ್ಟಿದ್ದರೇನೋ. ಯಾರ ಮನಸ್ಸು ಅಷ್ಟು ತೊಳೆದಿಟ್ಟಂತೆ ಇರುತ್ತದೆ? ಬಂದ ಕೆಟ್ಟ ಯೋಚನೆ ಬಂದ ದಾರಿಯಲ್ಲೇ ಹೋಗುತ್ತದೆ. ಮನುಷ್ಯ ತನ್ನ ಕೆಲಸ ನೋಡಿಕೊಳ್ಳುತ್ತಾನೆ. ಈಗ ಅದು ಅಚ್ಚಾಗಿ, ಪುಟಸಂಖ್ಯೆ ಹಾಕಿಸಿಕೊಂಡು ಕುಳಿತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರಂತೆ ಅವರು ತಮ್ಮನ್ನೇ ತಡಕಾಡಿಕೊಳ್ಳತೊಡಗಿದರು. ತಮ್ಮನ್ನು ಈ ಗತಿಗೆ ತಂದವರ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಹೊಸ ಚಾಲಕ ಬಂದ. ಅವನ ತಲೆ ಕಂಪ್ಯೂಟರಿನಲ್ಲಿ ದಿನವಿಡೀ ಹಸಿರು, ಕೆಟ್ಟ ಚಿತ್ರ ಒಂದೂ ಇಲ್ಲ. ತಿಳಿನೀರಿನಂಥ ಮನಸ್ಸು ಎಂದು ಮೇಲಿನವರು ಹೊಗಳಿದರು. ಒಂಬತ್ತನೆಯ ದಿನ ಅಚ್ಚು ಓರೆಯಾಗಿ ತೂಗಿ ಬಂದು ಭಾಮೈದನ ಭುಜ ಸವರಿತು. ಬದುಕಿದ್ದು ಅವನು ನೆಲಕ್ಕೆ ಉರುಳಿದ್ದರಿಂದ. ಚಾಲಕ ಗಂಟೆ ಬಾರಿಸಿರಲಿಲ್ಲ. ಹರಿದ ಅಂಗಿಯಲ್ಲೇ ಅವನು ಮೇಡಂ ಕೊಠಡಿಗೆ ಹೋದ. "ಬೀಳುತ್ತೆ ಅಂತ ಯೋಚನೆ ಮಾಡೋರನ್ನ ಕೂರಿಸಿ. ಇಲ್ಲದಿದ್ರೆ ನಾನು ಸರಪಳಿ ಮುಟ್ಟಲ್ಲ."

ಮೇಡಂ ಭಾವನನ್ನು ಮತ್ತೆ ಕರೆಸಿದರು, ಈ ಸಲ ನಗುತ್ತ. "ನಮ್ಮದು ತಪ್ಪಾಯ್ತು. ಅದನ್ನ ಮುನ್ನೆಚ್ಚರಿಕೆ ಅಂತ ತಿದ್ದಿದ್ದೀವಿ. ನಾಳೆಯಿಂದ ಹತ್ತಿ. ನಿಮ್ಮ ಚಿತ್ರಗಳನ್ನೆಲ್ಲ ಇಟ್ಟುಕೊಂಡರೆ ಬೇರೆ ಚಾಲಕರಿಗೂ ಕಲಿಸಬಹುದು."

"ಮೊದಲು ಕೊಲೆಗಾರ ಅಂದ್ರಿ, ಈಗ ಮೇಷ್ಟ್ರು ಅಂತೀರಿ. ಎರಡಕ್ಕೂ ನನ್ನ ತಲೆ ತೆಗೆದು ನೋಡೋದು ಬಿಡಲಿಲ್ಲ."

"ಟೋಪಿ ಇಲ್ಲದೆ ಹತ್ತೋ ಹಾಗಿಲ್ಲ."

"ಹಾಗಾದ್ರೆ ಹತ್ತಲ್ಲ. ಕಲಿಯೋರಿದ್ರೆ ನನ್ನ ಹತ್ರ ಕಳಿಸಿ, ಬಾಯಲ್ಲಿ ಹೇಳಿಕೊಡ್ತೀನಿ. ಎಷ್ಟು ಹೇಳಬೇಕು ಅನ್ನಿಸುತ್ತೋ ಅಷ್ಟು." ಅವರು ಬಾಗಿಲ ಕಡೆ ತಿರುಗಿದರು. "ಎಂಟು ಗಂಟೆ ಹೊತ್ತು ಕೈ ನಿಮ್ಮದು, ಕಣ್ಣೂ ನಿಮ್ಮದು. ಅದಕ್ಕಿಂತ ಒಳಗಿರೋದನ್ನ ನಾನು ಕೆಲಸಕ್ಕೆ ತಂದಿಲ್ಲ."

ಹೀಗೆ ಭಾವ ಐವತ್ತೈದನೆಯ ವಯಸ್ಸಿನಲ್ಲಿ ಗೂಡು ಬಿಟ್ಟು ನೆಲಕ್ಕಿಳಿದು ಸರಪಳಿ ಬಿಗಿಯುವ ಕೆಲಸ ಹಿಡಿದರು. ನೆಲದವರಿಗೆ ಟೋಪಿ ಇರಲಿಲ್ಲ. ಮಂಡಿ ನೋಯುತ್ತಿತ್ತು, ಬಗ್ಗಿದರೆ ಏಳುವುದು ಕಷ್ಟ. ಹೊಸ ಚಾಲಕ ಊಟದ ಬಿಡುವಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದ. ಅವನೂ ಗಂಟೆ ಬಾರಿಸತೊಡಗಿದ ಮೇಲೆ ಭಾಮೈದ ಮತ್ತೆ ಸರಪಳಿ ಮುಟ್ಟಿದ. ಭಾವನ ಸಿಟ್ಟು ಮಾತ್ರ ಇಳಿಯಲಿಲ್ಲ; ಮೇಡಂ ಎದುರು ಬಂದರೆ ಮುಖ ತಿರುಗಿಸಿ ಹೋಗುತ್ತಿದ್ದರು.

ಒಂದು ದಿನ ಇಬ್ಬರೂ ಒಂದೇ ಅಚ್ಚಿಗೆ ಸರಪಳಿ ಸುತ್ತುವಾಗ ಭಾಮೈದ ಕೇಳಿದ. "ಭಾವ, ನಿಜ ಹೇಳಿ. ಆ ಆರುನೂರರಲ್ಲಿ ಒಂದಾದ್ರೂ ಬೇಕಂತಲೇ ಬೀಳಿಸಿದ್ದು ಇತ್ತಾ?"

ಭಾವ ಕೊಂಡಿ ಸಿಕ್ಕಿಸಿ ಎರಡು ಸಲ ಎಳೆದು ನೋಡಿದರು.

"ಅದು ನಿನಗೆ ಬೇಡದ ವಿಷಯ," ಎಂದರು. "ಪಕ್ಕಕ್ಕೆ ನಿಲ್ಲು."